ಯುದ್ಧಕಾಲದ ಕಾಗದದ ಹಣ: ಒರಟು ಮುದ್ರಣವೆಲ್ಲ ಖೋಟಾ ಅಲ್ಲ

ನೋಟುಪೆಟ್ಟಿಗೆ ಬರೆದದ್ದು:

ಹಲವು ವರ್ಷ ನಾಣ್ಯಗಳನ್ನಷ್ಟೇ ಕೂಡಿಡುತ್ತಿದ್ದ ನಾನು ಈಚೆಗೆ ಸೇನಾ ನೋಟುಗಳ ಕಡೆಗೆ ಹೊರಳಿದ್ದೇನೆ. ಹಿರಿಯ ಸಂಗ್ರಾಹಕರೊಬ್ಬರ ಆಲ್ಬಮ್ ಇಡಿಯಾಗಿ ನನ್ನ ಕೈಗೆ ಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಬರ್ಮಾಕ್ಕೆಂದು ಹೊರಡಿಸಿದ 10 ರೂಪಾಯಿಯ ನೋಟು, ಮಲಯಾಕ್ಕೆಂದು ಹೊರಡಿಸಿದ ಬಾಳೆಗಿಡದ ಚಿತ್ರದ 10 ಡಾಲರ್, ‘ಹವಾಯಿ’ ಎಂಬ ಮೇಲ್ಮುದ್ರಣವಿರುವ ಅಮೆರಿಕದ 1 ಡಾಲರ್, ವಿಯೆಟ್ನಾಂ ಕಾಲದ ನಾಲ್ಕು ಅಮೆರಿಕನ್ ಸೇನಾ ಪಾವತಿ ಪತ್ರಗಳು, ಮಿತ್ರಪಡೆಗಳು 1944ರಲ್ಲಿ ಜರ್ಮನಿಗೆಂದು ಮುದ್ರಿಸಿದ ಮಾರ್ಕ್, ಅಮೆರಿಕದ ಅಂತರ್ಯುದ್ಧದಲ್ಲಿ ಬೇರೆಯಾಗಿ ನಿಂತ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಸರ್ಕಾರದ 1864ರ 10 ಡಾಲರ್ ಅದರಲ್ಲಿವೆ.

ನನ್ನ ಅನುಮಾನಗಳು ಇವು. ಜಪಾನಿ ನೋಟುಗಳಲ್ಲಿ ಕ್ರಮಸಂಖ್ಯೆಯೇ ಇಲ್ಲ, ಎರಡು ಇಂಗ್ಲಿಷ್ ಅಕ್ಷರಗಳು ಮಾತ್ರ ಇವೆ. ಮುದ್ರಣವೂ ಕ್ಯಾಲೆಂಡರಿನ ಮುದ್ರಣದಷ್ಟು ಸಪ್ಪೆಯಾಗಿದೆ. ಕಾನ್ಫೆಡರೇಟ್ ನೋಟು ಮಾತ್ರ ಹಳದಿಗಟ್ಟಿ, ಮುಟ್ಟಿದರೆ ಚರಚರ ಎನ್ನುವಷ್ಟು ಗಡುಸಾಗಿದ್ದು, ನೋಡಿದವರೆಲ್ಲ ಇದೇ ನಿಜವಾದ ಹಳೆಯ ನೋಟು ಎನ್ನುತ್ತಾರೆ. ಯಾವುದನ್ನು ನಂಬಲಿ?


ಭೂತಗನ್ನಡಿ ಬರೆದದ್ದು:

ನೋಟುಪೆಟ್ಟಿಗೆಯವರೇ, ನೀವು ಯಾವುದನ್ನು ಅನುಮಾನಿಸುತ್ತಿದ್ದೀರೋ ಅದು ಅಸಲಿಯಾಗಿರುವ ಸಾಧ್ಯತೆಯೇ ಹೆಚ್ಚು. ಎಲ್ಲರೂ ಮೆಚ್ಚಿದ ನೋಟಿನ ಬಗ್ಗೆ ಮಾತ್ರ ನನಗೆ ಭಯವಿದೆ. ಶಾಂತಿಕಾಲದ ನೋಟು ನೋಡಿ ಪಳಗಿದ ಕಣ್ಣು ಸೊಗಸಾದ ಮುದ್ರಣವನ್ನು ಅಸಲಿ ಎಂದೂ ಒರಟು ಮುದ್ರಣವನ್ನು ಖೋಟಾ ಎಂದೂ ಓದುತ್ತದೆ. ಯುದ್ಧಕಾಲದ ಹಣಕ್ಕೆ ಈ ಓದು ನಡೆಯುವುದಿಲ್ಲ. ಕಾಗದ, ಶಾಯಿ, ಸಮಯ ಮೂರಕ್ಕೂ ಅಭಾವವಿದ್ದಾಗ, ಕೈಗೆ ಸಿಕ್ಕ ಯಂತ್ರದಲ್ಲಿ ಮುದ್ರಿಸಿದ ಹಣವದು. 1900ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಬ್ರಿಟಿಷರು ತಮ್ಮ 1 ಪೌಂಡಿನ ನೋಟನ್ನು ಕಟ್ಟಡದ ನಕ್ಷೆ ತೆಗೆಯುವ ಬ್ಲೂಪ್ರಿಂಟ್ ವಿಧಾನದಲ್ಲಿ ತಯಾರಿಸಿದರು. ಜಪಾನಿನ ಆಕ್ರಮಣದ ಕಾಲದಲ್ಲಿ ಫಿಲಿಪ್ಪೀನ್ಸ್‌ನ ಗೆರಿಲ್ಲಾ ಪಡೆಗಳೂ ಪ್ರಾಂತೀಯ ಮಂಡಳಿಗಳೂ ಸಿಕ್ಕಸಿಕ್ಕ ಕಾಗದದ ಮೇಲೆ ಹೊರಡಿಸಿದ ತುರ್ತು ನೋಟುಗಳಲ್ಲಿ ಅಕ್ಷರ ತಪ್ಪಿರುವುದೂ, ಅಚ್ಚು ಓರೆಯಾಗಿರುವುದೂ ಅಸಲಿಯ ಲಕ್ಷಣವೇ. ಆದ್ದರಿಂದ ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ. ‘ಇದನ್ನು ಎಲ್ಲಿ, ಯಾವ ವಿಧಾನದಲ್ಲಿ ಮಾಡಿದರು, ನನ್ನ ಕೈಯಲ್ಲಿರುವುದು ಹಾಗೆಯೇ ತಯಾರಾಗಿದೆಯೇ’ ಎಂದು ಕೇಳಿ.

ಜಪಾನಿ ನೋಟಿನ ಅಕ್ಷರಗಳಲ್ಲಿ ಮೊದಲನೆಯದು ಪ್ರದೇಶವನ್ನು ಹೇಳುತ್ತದೆ. ಬಿ ಎಂದರೆ ಬರ್ಮಾ, ಎಂ ಎಂದರೆ ಮಲಯಾ, ಪಿ ಎಂದರೆ ಫಿಲಿಪ್ಪೀನ್ಸ್, ಎಸ್ ಎಂದರೆ ಡಚ್ಚರ ಈಸ್ಟ್ ಇಂಡೀಸ್, ಓ ಎಂದರೆ ಓಷಿಯಾನಿಯಾ. ಮಲಯಾದ ಮೊದಮೊದಲ ಕೆಲವು ನೋಟುಗಳಿಗೆ ಕ್ರಮಸಂಖ್ಯೆ ಇತ್ತು. ಬಳಿಕ ಅದನ್ನು ಕೈಬಿಟ್ಟು ಅಕ್ಷರಗಳನ್ನಷ್ಟೇ ಉಳಿಸಿಕೊಂಡರು. ಎಷ್ಟು ನೋಟು ಹೊರಡಿಸಿದ್ದೇವೆ ಎಂಬ ಲೆಕ್ಕವನ್ನು ತೋರಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲದ ಸರ್ಕಾರಕ್ಕೆ ಕ್ರಮಸಂಖ್ಯೆ ಏಕೆ ಬೇಕು? ಕೇಳಿದಾಗ ಹಣ ಕೊಡುವುದಾಗಿ ಜಪಾನ್ ಸರ್ಕಾರ ಮಲಯಾದ ನೋಟುಗಳ ಮೇಲೆ ಮಾತು ಕೊಟ್ಟಿದೆ. 1945ರಲ್ಲಿ ಸೋಲಿನೊಡನೆ ಆ ಮಾತೂ ಹೋಯಿತು. ಮಲಯಾದ ಜನ ಅದನ್ನು ಬಾಳೆಹಣ್ಣಿನ ದುಡ್ಡು ಎಂದೇ ಕರೆಯುತ್ತಿದ್ದರು. ಹೀಗೆ ಬೆಲೆ ಕಳೆದುಕೊಂಡ ನೋಟುಗಳು ಇಂದಿಗೂ ಕಂತೆಕಂತೆಯಾಗಿ ಉಳಿದಿರುವುದರಿಂದ ಸಾಮಾನ್ಯ ಮುಖಬೆಲೆಯವನ್ನು ನಕಲು ಮಾಡುವವನಿಗೆ ಲಾಭ ಕಡಿಮೆ.

ಕಾನ್ಫೆಡರೇಟ್ ನೋಟಿಗೆ ಬರೋಣ. 50 ಸೆಂಟಿನ ನೋಟುಗಳನ್ನು ಬಿಟ್ಟರೆ ಆ ಸರ್ಕಾರದ ನೋಟುಗಳಿಗೆ ಗುಮಾಸ್ತರು ಮಸಿಯಲ್ಲಿ ಕೈಯಾರೆ ಸಹಿ ಹಾಕುತ್ತಿದ್ದರು. ಆ ಮಸಿ ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗಿ, ಕೆಲವು ಕಡೆ ಕಾಗದವನ್ನೇ ತಿಂದಿರುತ್ತದೆ. 1864ರ 10 ಡಾಲರ್ ನೋಟಿನಲ್ಲಿ ಫಿರಂಗಿ ಎಳೆಯುವ ಕುದುರೆಗಳ ಚಿತ್ರ, ಅದರ ಹಿಂದೆ ತೆಳುವಾದ ನಸುಗೆಂಪು ಜಾಲ, ಬೆನ್ನಿಗೆ ನೀಲಿ ಮುದ್ರಣ ಇರಬೇಕು; ಕಾಗದ ತೆಳ್ಳಗೆ, ಮೆತ್ತಗೆ ಇರಬೇಕು. ಚರಚರ ಎನ್ನುವ ಹಳದಿ ಕಾಗದ ಇಪ್ಪತ್ತನೆಯ ಶತಮಾನದ ನೆನಪಿನ ಕಾಣಿಕೆಗಳ ಗುರುತು. ಸಹಿಯೂ ಚಿತ್ರವೂ ಒಂದೇ ಕಪ್ಪಿನಲ್ಲಿವೆಯೇ ಎಂದು ಮೊದಲು ನೋಡಿ.


ಶಾಯಿಕಲೆ ಬರೆದದ್ದು:

ಮುದ್ರಣದ ಕೆಲಸದಲ್ಲಿ ಇದ್ದವನಾದ್ದರಿಂದ ಒಂದೆರಡು ಮಾತು ಸೇರಿಸುತ್ತೇನೆ. ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದಿದ್ದರೆ ಮುಕ್ಕಾಲು ಪಾಲು ಜಗಳ ಅಲ್ಲಿಯೇ ತೀರುತ್ತದೆ. ಕೆತ್ತಿದ ಲೋಹದ ಫಲಕದಿಂದ ಮುದ್ರಿಸಿದ ಗೆರೆ ಕಾಗದದಿಂದ ಮೇಲೆದ್ದಿರುತ್ತದೆ. ಓರೆ ಬೆಳಕಿನಲ್ಲಿ ಅದರ ನೆರಳು ಕಾಣುತ್ತದೆ. ಅಚ್ಚುಮೊಳೆಯಿಂದ ಒತ್ತಿದ ಅಕ್ಷರದ ಅಂಚಿನಲ್ಲಿ ಶಾಯಿ ಹಿಂಡಿ ಹೊರಬಂದಂತೆ ಗಾಢವಾದ ಕಟ್ಟು ಇರುತ್ತದೆ, ಬೆನ್ನಿನಲ್ಲಿ ಸಣ್ಣಗೆ ಉಬ್ಬು ಮೂಡಿರುತ್ತದೆ. ಆಫ್‌ಸೆಟ್ ಮುದ್ರಣ ಸಪಾಟಾಗಿದ್ದರೂ ಅದರ ಗೆರೆ ಅಖಂಡ. ಇವ್ಯಾವುವೂ ಅಲ್ಲದೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಹೂವಿನ ಎಸಳಿನಂತೆ ಕೂಡಿಕೊಂಡು ಬಣ್ಣ ಮಾಡಿದ್ದರೆ, ಅದು ಫೋಟೋ ತೆಗೆದು ಮುದ್ರಿಸಿದ ಪ್ರತಿ. ಇಂಕ್‌ಜೆಟ್ಟಾದರೆ ಚುಕ್ಕೆಗಳು ಚೆದುರಿರುತ್ತವೆ. ಲೇಸರ್ ಪ್ರಿಂಟರಾದರೆ ಪುಡಿ ಕರಗಿ ಕಾಗದದ ಮೇಲೆ ಹೊಳೆಯುತ್ತಾ ಕೂತಿರುತ್ತದೆ, ಮಡಿಕೆಯಲ್ಲಿ ಸಿಪ್ಪೆಯೇಳುತ್ತದೆ.

ಹವಾಯಿ ನೋಟಿನ ವಿಷಯ ಬೇರೆ. ಅಲ್ಲಿ ಇಡೀ ನೋಟನ್ನು ನಕಲು ಮಾಡುವ ಶ್ರಮ ಯಾರೂ ಪಡುವುದಿಲ್ಲ. ಸಾಧಾರಣ ಅಸಲಿ ಡಾಲರಿನ ಮೇಲೆ ‘ಹವಾಯಿ’ ಎಂದು ಒತ್ತಿಬಿಡುತ್ತಾರೆ. ಕಾಗದ ಅಸಲಿ, ಕೆತ್ತನೆ ಅಸಲಿ, ಏಳು ಅಕ್ಷರ ಕೂಡ ತುಂಬದ ಮೇಲ್ಮುದ್ರಣವೊಂದು ಮಾತ್ರ ಸುಳ್ಳು. ನನ್ನ ಲೆಕ್ಕದಲ್ಲಿ ಈ ಬಗೆಯ ಮೋಸವೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನೀವು ಮಾಡುವ ಹತ್ತು ಪರೀಕ್ಷೆಗಳಲ್ಲಿ ಒಂಬತ್ತನ್ನು ನೋಟು ನಿಜವಾಗಿಯೇ ಗೆಲ್ಲುತ್ತದೆ. ಪರ್ಲ್ ಹಾರ್ಬರ್ ದಾಳಿಯ ನಂತರ, ದ್ವೀಪಗಳು ಜಪಾನಿನ ವಶವಾದರೆ ಅಲ್ಲಿನ ಹಣವನ್ನು ಒಂದೇ ಆಜ್ಞೆಯಲ್ಲಿ ರದ್ದು ಮಾಡಲು ಅನುಕೂಲವಾಗಲೆಂದು 1942ರಲ್ಲಿ ಈ ನೋಟುಗಳನ್ನು ತಂದು, ಹಳೆಯ ಡಾಲರುಗಳನ್ನು ಹಿಂದಕ್ಕೆ ಪಡೆದು ಸುಟ್ಟರು. ಆಗ ಮೇಲ್ಮುದ್ರಣದ ಜೊತೆಗೆ ಮೊಹರು ಮತ್ತು ಕ್ರಮಸಂಖ್ಯೆಗಳ ಬಣ್ಣವನ್ನೂ ಕಂದಿಗೆ ಬದಲಿಸಿದ್ದರು. ನೀಲಿ ಮೊಹರಿನ ಮಾಮೂಲಿ 1 ಡಾಲರಿನ ಮೇಲೆ ‘ಹವಾಯಿ’ ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಅದೇ ವರ್ಷ ಉತ್ತರ ಆಫ್ರಿಕಾದ ಸೈನಿಕರಿಗೆಂದು ತಂದ ನೋಟುಗಳಲ್ಲಿ ಮೊಹರು ಹಳದಿ, ಕ್ರಮಸಂಖ್ಯೆ ನೀಲಿ.

ಬಣ್ಣ ಸರಿಯಿದ್ದರೂ ಸಂಖ್ಯೆಯನ್ನು, ಹೊರಡಿಸಿದ ಸಂಖ್ಯೆಗಳ ಪಟ್ಟಿಯೊಡನೆ ತಾಳೆ ನೋಡುವುದನ್ನು ಬಿಡಬಾರದು. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ 1944ರಲ್ಲಿ ಎರಡು ಬಗೆಯ ಕಾಗದಗಳ ಬಾಳಿಕೆಯನ್ನು ಹೋಲಿಸಲು ಅಮೆರಿಕ ಹೊರಡಿಸಿದ 1 ಡಾಲರ್ ನೋಟುಗಳು. ಒಂದಕ್ಕೆ ಕೆಂಪಿನಲ್ಲಿ ‘ಆರ್’, ಇನ್ನೊಂದಕ್ಕೆ ‘ಎಸ್’ ಎಂದು ಒತ್ತಿದರು. ಎರಡೂ ತಲಾ 11,84,000. ಮೊದಲನೆಯವು ಎಸ್ 70884001 ಸಿ ಇಂದ ಎಸ್ 72068000 ಸಿ ವರೆಗೆ, ಎರಡನೆಯವು ಎಸ್ 73884001 ಸಿ ಇಂದ ಎಸ್ 75068000 ಸಿ ವರೆಗೆ. ಕೆಂಪು ಅಕ್ಷರ ಎಷ್ಟೇ ಚೆಂದವಾಗಿರಲಿ, ಸಂಖ್ಯೆ ಈ ಗೆರೆಯ ಆಚೆಗಿದ್ದರೆ ಆ ಅಕ್ಷರವನ್ನು ಯಾರೋ ತಮ್ಮ ಮನೆಯಲ್ಲಿ ಒತ್ತಿದ್ದಾರೆ.


ನೋಟುಪೆಟ್ಟಿಗೆ ಬರೆದದ್ದು:

ಇಬ್ಬರಿಗೂ ಕೃತಜ್ಞತೆಗಳು. ಹವಾಯಿ ನೋಟಿನ ಮೊಹರು, ಸಂಖ್ಯೆ ಎರಡೂ ಕಂದು ಬಣ್ಣದಲ್ಲಿವೆ. ಸಂಖ್ಯೆ ಪಟ್ಟಿಯೊಳಗೇ ಇದೆ. ಕಾನ್ಫೆಡರೇಟ್ ನೋಟು ನೀವು ಹೇಳಿದ ಹಾಗೆಯೇ ಸೋತಿತು. ಸಹಿಯೂ ಕುದುರೆಯೂ ಒಂದೇ ಕಪ್ಪು, ನಸುಗೆಂಪು ಜಾಲದ ಸುಳಿವಿಲ್ಲ. ಇನ್ನೊಬ್ಬ ಸಂಗ್ರಾಹಕರು ತಮ್ಮ ನಕಲಿಯ ಚಿತ್ರ ತೋರಿಸಿದರು. ಅದರ ಕ್ರಮಸಂಖ್ಯೆಯೂ ನನ್ನದೂ ಒಂದೇ.

ಆದರೆ ಉತ್ಸಾಹದಲ್ಲಿ ನೇರಳಾತೀತ ಟಾರ್ಚ್ ತಂದು ಎಲ್ಲದರ ಮೇಲೂ ಹಾಯಿಸಿದೆ. ಬರ್ಮಾದ ನೋಟು ಹೊಸ ಅಂಗಿಯಂತೆ ನೀಲಿಯಾಗಿ ಹೊಳೆಯಿತು. ಯುದ್ಧಕಾಲದ ಕಾಗದ ಹೊಳೆಯಬಾರದು ಎಂದು ಓದಿದ್ದೆ. ಅಸಲಿ ಎಂದು ಸಮಾಧಾನಪಟ್ಟಿದ್ದೇ ತಪ್ಪಾಯಿತೇ?


ಹಳೆಗಾಗದ ಬರೆದದ್ದು:

ಹೊಳೆಯಬಾರದು ಎನ್ನುವುದು ನಿಜ. ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ಕಾಗದದ ಉದ್ಯಮಕ್ಕೆ ವ್ಯಾಪಕವಾಗಿ ಬಂದದ್ದು ಯುದ್ಧ ಮುಗಿದ ಮೇಲೆ, ಸುಮಾರು 1950ರ ಹೊತ್ತಿಗೆ. ಆದ್ದರಿಂದ 1942ರ ನೋಟು ಒಳಗಿನಿಂದ ಒಂದೇ ಸಮನಾಗಿ ನೀಲಿ ಬೆಳಕು ಬೀರಿದರೆ ಅದು ಬಲವಾದ ಸಾಕ್ಷಿ. ಆದರೆ ಅದೇ ರಾಸಾಯನಿಕಗಳು ಬಟ್ಟೆ ಒಗೆಯುವ ಪುಡಿಯಲ್ಲಿಯೂ ಇವೆ. ಕೊಳೆ ತೆಗೆಯಲೆಂದು ಯಾರೋ ಆ ಪುಡಿಯ ನೀರಿನಲ್ಲಿ ಅದ್ದಿದ್ದರೂ ನೋಟು ಹೀಗೆಯೇ ಹೊಳೆಯುತ್ತದೆ. ಅಗ್ಗದ ಬಿಳಿ ಹಾಳೆಗಳ ಆಲ್ಬಮ್ಮಿನಲ್ಲಿ ವರ್ಷಗಟ್ಟಲೆ ಒತ್ತಿಕೊಂಡಿದ್ದರೂ ಒಂದಿಷ್ಟು ಅಂಟಿಕೊಳ್ಳುತ್ತದೆ.

ಈ ಪಾಠವನ್ನು ನಾನು ಕಲಿತದ್ದು ನಷ್ಟಪಟ್ಟು. 1945ರಲ್ಲಿ ಬರ್ಮಾದ ಸೇನಾ ಆಡಳಿತಕ್ಕಾಗಿ, ಆರನೆಯ ಜಾರ್ಜ್ ದೊರೆಯ ಚಿತ್ರವಿರುವ ಭಾರತದ ನೋಟುಗಳ ಮೇಲೆ ‘ಬರ್ಮಾದಲ್ಲಿ ಮಾತ್ರ ಕಾನೂನುಬದ್ಧ’ ಎಂಬ ಅರ್ಥದ ಕೆಂಪು ಮೇಲ್ಮುದ್ರಣ ಹಾಕಿದ್ದುಂಟು. ಅಂಥದೊಂದು ನನ್ನ ಬಳಿಯಿತ್ತು. ದೀಪದ ಕೆಳಗೆ ಹೊಳೆಯಿತೆಂಬ ಒಂದೇ ಕಾರಣಕ್ಕೆ ಖೋಟಾ ಎಂದು ಬರೆದು, ಕೇಳಿದವರೊಬ್ಬರಿಗೆ ಸುಮ್ಮನೆ ಕೊಟ್ಟುಬಿಟ್ಟೆ. ಅವರು ತಾಳ್ಮೆಯಿಂದ ನೋಡಿದರು: ಹೊಳಪು ಮಡಿಕೆಗಳಲ್ಲಿ ದಟ್ಟ, ನಡುವೆ ಕಲೆಕಲೆ, ವಾಟರ್‌ಮಾರ್ಕ್ ಕಾಗದದೊಳಗೇ ಇದೆ, ಕೆಂಪು ಅಕ್ಷರಗಳ ಒತ್ತು ಬೆನ್ನಿನಲ್ಲಿ ತಿಳಿಯುತ್ತದೆ. ತೊಳೆದ ಅಸಲಿ ನೋಟು ಅದು. ಈಗಲೂ ಅವರ ಬಳಿಯೇ ಇದೆ, ಸಿಕ್ಕಾಗಲೆಲ್ಲ ತೋರಿಸಿ ನಗುತ್ತಾರೆ.

ನಿಮ್ಮ ನೋಟಿನ ಹೊಳಪು ಸಮನಾಗಿದೆಯೋ ಮಚ್ಚೆಮಚ್ಚೆಯಾಗಿದೆಯೋ ನೋಡಿ. ಅಂಚಿನ ಹರುಕಿನಲ್ಲಿ ಕಾಗದದ ಒಳಪದರವೂ ಹೊಳೆಯುತ್ತದೆಯೇ ಎಂಬುದು ಮುಖ್ಯ. ಜೊತೆಗೆ, ಆ ಆಲ್ಬಮ್ಮಿನ ಹೊದಿಕೆಗಳು ಪಿವಿಸಿಯವಾದರೆ ಇಂದೇ ನೋಟುಗಳನ್ನು ಹೊರತೆಗೆಯಿರಿ. ಅದರಲ್ಲಿನ ಮೆದುಕಾರಕ ಹೊರಸೂಸಿ ಕಾಗದಕ್ಕೆ ಅಂಟುತ್ತದೆ. ಪಾಲಿಯೆಸ್ಟರ್ ಹೊದಿಕೆಗೆ ಆ ದೋಷವಿಲ್ಲ.


ಕೋಟೆಗಾವಲು ಬರೆದದ್ದು:

ಈ ಚರ್ಚೆಯಲ್ಲಿ ‘ಖೋಟಾ’ ಎಂಬ ಒಂದೇ ಪದದಲ್ಲಿ ಎರಡು ಬೇರೆಬೇರೆ ವಸ್ತುಗಳನ್ನು ಕಟ್ಟಿಹಾಕುತ್ತಿದ್ದೇವೆ ಎಂದು ನನ್ನ ತಕರಾರು. ಸಂಗ್ರಾಹಕನನ್ನು ಏಮಾರಿಸಲು ನಿನ್ನೆ ಮೊನ್ನೆ ಮಾಡಿದ್ದು ಒಂದು. ಶತ್ರುವಿನ ಆರ್ಥಿಕತೆಯನ್ನು ಕೆಡಿಸಲು ಅಥವಾ ತನ್ನ ಖರ್ಚು ತೂಗಿಸಲು ಯುದ್ಧದ ನಡುವೆಯೇ ಒಂದು ಪಕ್ಷ ಮಾಡಿದ್ದು ಇನ್ನೊಂದು. ಎರಡನೆಯದು ಸ್ವತಃ ಸೇನಾ ಹಣದ ಇತಿಹಾಸ. ಅದನ್ನು ಕಸದ ಬುಟ್ಟಿಗೆ ಹಾಕಬಾರದು.

1790ರ ದಶಕದಲ್ಲಿ ಫ್ರಾನ್ಸ್‌ನ ಕ್ರಾಂತಿ ಸರ್ಕಾರದ ಅಸಿಞಾ ನೋಟುಗಳನ್ನು ಬ್ರಿಟನ್ನಿನಲ್ಲಿ ನಕಲು ಮಾಡಿದರು. ಮುಂದೆ ನೆಪೋಲಿಯನ್ನನು ರಷ್ಯಾದ ರೂಬಲ್ ನೋಟುಗಳನ್ನು ನಕಲು ಮಾಡಿಸಿದ. ಅಸಲಿ ರಷ್ಯನ್ ನೋಟಿಗೆ ಅಧಿಕಾರಿಗಳು ಕೈಯಿಂದ ಸಹಿ ಹಾಕುತ್ತಿದ್ದರೆ ಫ್ರೆಂಚರು ಸಹಿಯನ್ನೂ ಫಲಕದಲ್ಲೇ ಕೆತ್ತಿಬಿಟ್ಟರು. ಕೆಲವು ಪ್ರತಿಗಳಲ್ಲಿ ರಷ್ಯನ್ ಲಿಪಿಯ ‘ದ’ ಅಕ್ಷರದ ಜಾಗಕ್ಕೆ ‘ಲ’ ಬಂದು ಕೂತಿದೆ. ಭಾಷೆ ಬಾರದ ಕೆತ್ತನೆಗಾರನ ಕೈ ಅದು. ಸಹಿಯನ್ನು ನೋಡಿ ಎಂದು ಭೂತಗನ್ನಡಿಯವರು ಕಾನ್ಫೆಡರೇಟ್ ನೋಟಿಗೆ ಹೇಳಿದ ಮಾತು ಅರ್ಧ ಶತಮಾನ ಹಿಂದಿನ ಈ ನೋಟಿಗೂ ಸಲ್ಲುತ್ತದೆ. ಅಂದಹಾಗೆ ಕಾನ್ಫೆಡರೇಟ್ ನೋಟುಗಳಿಗೂ ಯುದ್ಧಕಾಲದ ನಕಲಿಗಳಿವೆ. ಫಿಲಡೆಲ್ಫಿಯಾದ ಸ್ಯಾಮ್ಯುಯಲ್ ಅಪ್‌ಹ್ಯಾಮ್ 1862ರಲ್ಲಿ ಅವನ್ನು ನೆನಪಿನ ಪ್ರತಿಗಳೆಂದು ಮಾರಲು ತೊಡಗಿ, ಕೆಳಗಿನ ಅಂಚಿನಲ್ಲಿ ತನ್ನ ಹೆಸರು ವಿಳಾಸ ಮುದ್ರಿಸಿದ್ದ. ಕೊಂಡವರು ಆ ಅಂಚನ್ನು ಕತ್ತರಿಸಿ ದಕ್ಷಿಣದಲ್ಲಿ ಚಲಾಯಿಸಿದರು. ಇಂದು ಆ ಅಂಚು ಉಳಿದಿರುವ ಪ್ರತಿಯನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ಎಲ್ಲಕ್ಕಿಂತ ದೊಡ್ಡದು ನಾಟ್ಸಿಗಳ ಬರ್ನ್‌ಹಾರ್ಡ್ ಕಾರ್ಯಾಚರಣೆ. ಬರ್ನ್‌ಹಾರ್ಡ್ ಕ್ರೂಗರ್ ಎಂಬ, ನಾಟ್ಸಿಗಳ ಎಸ್‌ಎಸ್ ಪಡೆಯ ಅಧಿಕಾರಿಯ ಕೈಕೆಳಗೆ, ಜಾಕ್ಸೆನ್‌ಹೌಸೆನ್ ಯಾತನಾ ಶಿಬಿರದಲ್ಲಿ ಸುಮಾರು 140 ಕೈದಿಗಳು ಬ್ಯಾಂಕ್ ಆಫ್ ಇಂಗ್ಲೆಂಡಿನ 5, 10, 20 ಹಾಗೂ 50 ಪೌಂಡಿನ ನೋಟುಗಳನ್ನು ತಯಾರಿಸಿದರು. ಹಳೆಗಾಗದದವರು ಹೇಳಿದ ದೀಪದ ಪರೀಕ್ಷೆಯೇ ಅವರಿಗೂ ಮೊದಲ ತೊಡಕಾಗಿತ್ತು. ಹೊಸ ನಾರುಬಟ್ಟೆಯಿಂದ ಮಾಡಿದ ಕಾಗದ ನೇರಳಾತೀತ ಬೆಳಕಿನಲ್ಲಿ ಇಂಗ್ಲಿಷ್ ಕಾಗದದಂತೆ ಕಾಣಲಿಲ್ಲ. ಅಸಲಿ ಕಾಗದ ಬಳಸಿ ಒಗೆದ ಚಿಂದಿಯಿಂದ ಆದದ್ದೆಂದು ತಿಳಿದು, ಅವರೂ ಬಟ್ಟೆಯನ್ನು ಕೊಳೆಮಾಡಿ ಒಗೆದು ಬಳಸಿದರು. ಬ್ರಿಟಿಷ್ ಗುಮಾಸ್ತರು ನೋಟುಗಳನ್ನು ಗುಂಡುಸೂಜಿಯಿಂದ ಪೋಣಿಸುತ್ತಿದ್ದರೆಂದು ಸೂಜಿತೂತುಗಳನ್ನೂ ಚುಚ್ಚಿದರು. 13 ಕೋಟಿ ಪೌಂಡಿಗೂ ಮಿಕ್ಕಿ ಮುದ್ರಣವಾಯಿತು. ಅಂಕಾರಾದ ಬ್ರಿಟಿಷ್ ರಾಯಭಾರಿಯ ಮನೆಯಲ್ಲಿ ಸೇವಕನಾಗಿದ್ದು ಜರ್ಮನರಿಗೆ ಗುಟ್ಟು ಮಾರಿದ ‘ಸಿಸೆರೊ’ಗೆ ಸಂದ ಹಣದಲ್ಲಿಯೂ ಬಹುಪಾಲು ಇವೇ. 1943ರಲ್ಲಿ ಬ್ಯಾಂಕ್ 10 ಪೌಂಡ್ ಮತ್ತು ಮೇಲ್ಪಟ್ಟ ನೋಟುಗಳ ವಿತರಣೆಯನ್ನೇ ನಿಲ್ಲಿಸಿತು. ಉಳಿದವನ್ನು ಆಸ್ಟ್ರಿಯಾದ ಟೋಪ್ಲಿಟ್ಸ್ ಸರೋವರಕ್ಕೆ ಎಸೆದಿದ್ದರು. 1959ರಲ್ಲಿ ಪೆಟ್ಟಿಗೆಗಳು ಮೇಲೆ ಬಂದವು. ಹೇಳಿ, ಈ ನೋಟನ್ನು ಖೋಟಾ ಎಂದು ಯಾರು ಬಿಸಾಡುತ್ತಾರೆ?

ಜಪಾನಿ ನೋಟುಗಳಿಗೂ ಇದು ತಗಲುತ್ತದೆ. ಫಿಲಿಪ್ಪೀನ್ಸ್‌ನ ಗೆರಿಲ್ಲಾಗಳ ಖರ್ಚಿಗೆಂದು ಅಮೆರಿಕ ಅಲ್ಲಿನ ಜಪಾನಿ ಪೆಸೊಗಳನ್ನು ನಕಲು ಮಾಡಿತ್ತು. ಅವನ್ನು ಅಸಲಿಯಿಂದ ಬೇರ್ಪಡಿಸುವುದು ನನ್ನ ಮಟ್ಟಿಗಂತೂ ಮಸೂರದ ಕೆಲಸವಲ್ಲ, ವರ್ಷಗಳ ಅಭ್ಯಾಸದ ಕೆಲಸ.


ಭೂತಗನ್ನಡಿ ಬರೆದದ್ದು:

ತಕರಾರನ್ನು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ‘ಯುದ್ಧಕಾಲದ ಖೋಟಾ’ ಎಂಬ ಹಣೆಪಟ್ಟಿಯನ್ನೇ ಈಗ ಮಾರಾಟದ ತಂತ್ರವಾಗಿ ಬಳಸುತ್ತಿದ್ದಾರೆ. ಬರ್ನ್‌ಹಾರ್ಡ್ ನೋಟಿಗೆ ಬೆಲೆ ಬಂದದ್ದೇ ತಡ, ಬರ್ನ್‌ಹಾರ್ಡ್ ನೋಟಿನ ನಕಲಿಯೂ ಬಂತು. ನಕಲಿಯ ನಕಲಿಯನ್ನು ಏನೆಂದು ಕರೆಯಬೇಕೋ ನಾನರಿಯೆ.

ಮಾರ್ಕಿನ ಬಗ್ಗೆ ಯಾರೂ ಉತ್ತರಿಸಿಲ್ಲ. ಮಿತ್ರಪಡೆಗಳ ಮಾರ್ಕುಗಳನ್ನು ಅಮೆರಿಕದಲ್ಲಿ ಫೋರ್ಬ್ಸ್ ಎಂಬ ಮುದ್ರಣ ಸಂಸ್ಥೆ ಅಚ್ಚು ಹಾಕಿತು. ಅಲಂಕಾರದ ಬಳ್ಳಿಗಳ ನಡುವೆ ಪುಟ್ಟ ‘ಎಫ್’ ಅಕ್ಷರವನ್ನು ಅಡಗಿಸಿಟ್ಟಿತು. ಮುದ್ರಣದ ಫಲಕಗಳ ಪ್ರತಿಯನ್ನು ಸೋವಿಯತ್ ಒಕ್ಕೂಟಕ್ಕೂ ಕೊಟ್ಟಿದ್ದರಿಂದ ಅಲ್ಲಿಯೂ ಮುದ್ರಣವಾಯಿತು. ಆ ನೋಟುಗಳಲ್ಲಿ ‘ಎಫ್’ ಇಲ್ಲ, ಕ್ರಮಸಂಖ್ಯೆಯ ಮುಂದೆ ಅಡ್ಡಗೆರೆಯಿದೆ. ಆದ್ದರಿಂದ ‘ಎಫ್’ ಸಿಗಲಿಲ್ಲವೆಂದು ಗಾಬರಿಯಾಗಬೇಡಿ. 


ಶಾಯಿಕಲೆ ಬರೆದದ್ದು:

ಸೇನಾ ಪಾವತಿ ಪತ್ರಗಳು ಉಳಿದುಕೊಂಡಿವೆ. 1946ರಿಂದ 1973ರವರೆಗೆ ವಿದೇಶದಲ್ಲಿದ್ದ ಅಮೆರಿಕನ್ ಸೈನಿಕರಿಗೆ ಡಾಲರಿಗೆ ಬದಲಾಗಿ ಇವನ್ನು ಕೊಡುತ್ತಿದ್ದರು. 461ರಿಂದ 692ರವರೆಗಿನ ಅಂಕೆಗಳಲ್ಲಿ 13 ಸರಣಿಗಳು ಬಳಕೆಗೆ ಬಂದವು. ಕಾಳಸಂತೆಗೆ ಹೋದ ಪತ್ರಗಳನ್ನು ಕೊಲ್ಲಲು, ಮುನ್ಸೂಚನೆಯಿಲ್ಲದ ಒಂದು ದಿನ ಸೇನಾ ನೆಲೆಯ ಬಾಗಿಲು ಮುಚ್ಚಿ ಹಳೆಯ ಸರಣಿಯನ್ನು ಹೊಸದಕ್ಕೆ ಬದಲಿಸಿಬಿಡುತ್ತಿದ್ದರು. ಹೊರಗಿದ್ದವರ ಕೈಯಲ್ಲಿ ಉಳಿದದ್ದು ಬಣ್ಣದ ಕಾಗದ.

ಇವೂ ಸಪಾಟು ಮುದ್ರಣವೇ, ಉಬ್ಬು ಹುಡುಕಬೇಡಿ. ಕಾಗದದೊಳಗೆ ಚೆಲ್ಲಿರುವ ಪುಟ್ಟ ಬಣ್ಣದ ಬಿಲ್ಲೆಗಳನ್ನು ಹುಡುಕಿ. ಅವು ಕಾಗದ ಹದವಾಗುವಾಗಲೇ ಸೇರಿದವು, ಪ್ರತಿ ನೋಟಿನಲ್ಲೂ ಬೇರೆಬೇರೆ ಜಾಗದಲ್ಲಿರುತ್ತವೆ. ನಕಲಿಯಲ್ಲಿ ಬಿಲ್ಲೆಗಳೂ ಮುದ್ರಿತ. ಇನ್ನೊಂದು ಮೋಸ ಹೆಚ್ಚು ನಾಜೂಕಿನದು. ಕೆಟ್ಟುಹೋದ ಹಾಳೆಗೆ ಬದಲಾಗಿ ಮುದ್ರಿಸಿದ ನೋಟಿನ ಸಂಖ್ಯೆಯ ಕೊನೆಯಲ್ಲಿ ಅಕ್ಷರವಿರುವುದಿಲ್ಲ, ಅವು ವಿರಳ. ಆದ್ದರಿಂದ ಸಾಮಾನ್ಯ ಪತ್ರದ ಕೊನೆಯ ಅಕ್ಷರವನ್ನು ಉಜ್ಜಿ ತೆಗೆಯುತ್ತಾರೆ. ಆ ಜಾಗವನ್ನು ಓರೆ ಬೆಳಕಿಗೆ ಹಿಡಿದರೆ ಕಾಗದದ ಮೈ ತರಿತರಿಯಾಗಿ ಕಾಣುತ್ತದೆ, ಬೆಳಕಿನೆದುರು ಹಿಡಿದರೆ ತೆಳುವಾಗಿ ಕಾಣುತ್ತದೆ.


ಹಳೆಗಾಗದ ಬರೆದದ್ದು:

ಹೊಸಬರು ಸಂಗ್ರಹ ಬೆಳೆಸುವಾಗ ಅತಿ ಎಚ್ಚರ ಬೇಕಾದ ಜಾಗವೊಂದಿದೆ: ನಾಟ್ಸಿಗಳು ಯೆಹೂದ್ಯರನ್ನು ಕೂಡಿಹಾಕಿದ್ದ ಗೆಟ್ಟೊ ಮತ್ತು ಯಾತನಾ ಶಿಬಿರಗಳ ಹಣ. ಹತ್ತು ಆಜ್ಞೆಗಳ ಫಲಕ ಹಿಡಿದ ಮೋಶೆಯ ಚಿತ್ರವಿರುವ, 1943ರ ಜನವರಿ 1ರ ದಿನಾಂಕದ ಟೆರೇಜಿಯೆನ್‌ಸ್ಟಾಟ್ ಗೆಟ್ಟೊದ ನೋಟುಗಳು ಬಹಳಷ್ಟು ಉಳಿದಿವೆ. ಆದರೆ ಶಿಬಿರಗಳ ಚೀಟಿಗಳು ಬಹುಮಟ್ಟಿಗೆ ಒಂದೇ ಬಣ್ಣದ ಅಚ್ಚು, ಒಂದು ಮೊಹರು, ಒಂದು ಸಂಖ್ಯೆ ಅಷ್ಟೇ ಆದ್ದರಿಂದ ನಕಲು ಸುಲಭ. ಭಾವನೆಯೂ ಸೇರಿಕೊಂಡಿರುವುದರಿಂದ ಕೊಳ್ಳುವವನು ಪರೀಕ್ಷಿಸಲು ಹಿಂಜರಿಯುತ್ತಾನೆ. ಯಾರಿಂದ ಯಾರಿಗೆ ಬಂತು ಎಂಬ ಕಾಗದಪತ್ರ ಇಲ್ಲದ್ದನ್ನು ನಾನು ಮುಟ್ಟುವುದಿಲ್ಲ. ಇಲ್ಲಿ ಸುಳ್ಳು ನೋಟು ಹಣದ ನಷ್ಟಕ್ಕಷ್ಟೇ ನಿಲ್ಲುವುದಿಲ್ಲ, ಸತ್ತವರ ಹೆಸರಿನಲ್ಲಿ ಹೇಳಿದ ಸುಳ್ಳಾಗುತ್ತದೆ.

ನೋಟನ್ನು ಪರೀಕ್ಷಿಸಿ ದರ್ಜೆ ನೀಡುವ ಸಂಸ್ಥೆಯ ಪ್ಲಾಸ್ಟಿಕ್ ಹೊದಿಕೆಯಲ್ಲಿದೆ ಎಂಬುದೂ ಮುಗಿದ ಮಾತಲ್ಲ. ಹೊದಿಕೆಯನ್ನೂ ನಕಲು ಮಾಡುತ್ತಾರೆ. ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹುಡುಕಿ, ಅಲ್ಲಿನ ಚಿತ್ರದ ಮಡಿಕೆ, ಅಂಚಿನ ಅಳತೆ, ಕಲೆಗಳನ್ನು ಕೈಯಲ್ಲಿರುವ ನೋಟಿನೊಡನೆ ಹೋಲಿಸಿ. ಸಂಖ್ಯೆ ಸರಿಯಾಗಿದ್ದು ಅಂಚು ಬೇರೆಯಾಗಿದ್ದರೆ ಒಳಗಿರುವುದು ಬೇರೆ ನೋಟು.


ನೋಟುಪೆಟ್ಟಿಗೆ ಬರೆದದ್ದು:

ಬರ್ಮಾದ ನೋಟನ್ನು ಮತ್ತೆ ನೋಡಿದೆ. ಹೊಳಪು ಒಂದು ಬದಿಯಲ್ಲಿ ಮಾತ್ರ ಇದೆ, ಅದೂ ಆಲ್ಬಮ್ಮಿನ ಬಿಳಿ ಹಾಳೆಗೆ ತಾಗಿದ್ದ ಬದಿ. ಅಂಚಿನ ಹರುಕಿನಲ್ಲಿ ಒಳಪದರ ಕಪ್ಪಗಿದೆ. ಅದೇ ಹಾಳೆಯಲ್ಲಿದ್ದ ಮಲಯಾದ ನೋಟಿನ ಬೆನ್ನೂ ಸ್ವಲ್ಪ ಹೊಳೆಯುತ್ತದೆ, ಮೊದಲು ಗಮನಿಸಿರಲಿಲ್ಲ. ಹೊದಿಕೆಗಳನ್ನು ಬದಲಿಸಿದ್ದೇನೆ.

ಮಾರ್ಕಿನಲ್ಲಿ ಸಂಖ್ಯೆಯ ಮುಂದೆ ಅಡ್ಡಗೆರೆಯಿದೆ. ಅರ್ಧ ತಾಸು ಹುಡುಕಿದರೂ ‘ಎಫ್’ ಸಿಗಲಿಲ್ಲ. ಪಾವತಿ ಪತ್ರಗಳಲ್ಲಿ ಮೂರಕ್ಕೆ ಬಿಲ್ಲೆಗಳು ಸ್ಪಷ್ಟವಾಗಿವೆ. ನಾಲ್ಕನೆಯದರ ಸಂಖ್ಯೆಯ ಕೊನೆಯಲ್ಲಿ ಅಕ್ಷರವಿಲ್ಲ. ಹಿಂದಿನವರು ಪೆನ್ಸಿಲಿನಲ್ಲಿ ‘ವಿರಳ’ ಎಂದು ಬರೆದಿದ್ದಾರೆ. ಓರೆ ಬೆಳಕಿಗೆ ಹಿಡಿದಾಗ ಆ ಜಾಗದಲ್ಲಿ ಕಾಗದದ ನಾರು ಎದ್ದುನಿಂತಿತ್ತು. ಅದರ ಕೆಳಗೆ ಅವರು ಬರೆದದ್ದನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ನನ್ನ ಟಿಪ್ಪಣಿ ಸೇರಿಸಿದ್ದೇನೆ. ಕಾನ್ಫೆಡರೇಟ್ ತದ್ರೂಪನ್ನು ಆಲ್ಬಮ್ಮಿನ ಮೊದಲ ಪುಟಕ್ಕೆ ತಂದಿದ್ದೇನೆ. ಇನ್ನು ಮುಂದೆ ಹೊಸ ಮಸೂರವನ್ನು ಪರೀಕ್ಷಿಸುವುದು ಅದರ ಮೇಲೆಯೇ.